ಕಟಿಂಗ್ ಶಾಪಿನವನ ವರ್ಷದ ಪಾಸು

ಆಟದ ಪಾರ್ಕಿನ ವರ್ಷದ ಪಾಸು ಮುಗಿಯುತ್ತ ಬಂತೆಂದರೆ ಕಟಿಂಗ್ ಶಾಪಿನ ಅಣ್ಣ ಕುರ್ಚಿಗೆ ಬಂದು ಕೂತವರನ್ನೆಲ್ಲ ಕೇಳಲು ಶುರುಮಾಡುತ್ತಾನೆ: “ಈ ಸಲ ಮತ್ತೆ ಮಾಡಿಸೋದಾ, ಬಿಡೋದಾ?” ತಲೆಗೂದಲು ಕತ್ತರಿಸಿಕೊಳ್ಳುವವರು “ದುಡ್ಡು ದಂಡ, ಬಿಡಿ” ಎಂದು ಧೈರ್ಯವಾಗಿ ಹೇಳಿಬಿಡುತ್ತಾರೆ, ಗಂಟಲ ಮೇಲೆ ರೇಜರ್ ಇರುವವರು ಮಾತ್ರ ಕಣ್ಣು ಮುಚ್ಚಿಕೊಂಡೇ “ಮಾಡಿಸಿ, ಮಾಡಿಸಿ” ಅನ್ನುತ್ತಾರೆ. ಹಾಗಂತ ಅವನೇನೂ ಆಟದ ಹುಚ್ಚನಲ್ಲ, ಸ್ಟೂಲು ಹತ್ತಿದರೂ ತಲೆ ತಿರುಗುವ ಆಸಾಮಿ. ಅಂಗಡಿಗೆ ರಜೆಯಿದ್ದ ದಿನ ತಪ್ಪದೆ ಹೋಗಿ, ರೋಲರ್ ಕೋಸ್ಟರ್ ಇಳಿದವರು ಹೊರಬರುವ ಬಾಗಿಲಿನೆದುರು ಬೆಂಚಿನಲ್ಲಿ ಕೂರುತ್ತಾನೆ. ತಾನೇ ಒಪ್ಪವಾಗಿ ಕಟಿಂಗ್ ಮಾಡಿದ ತಲೆಗಳು ಕಾಗೆಗೂಡಿನಂತೆ ಕೆದರಿಕೊಂಡು ಬರುವಾಗ “ಹೋಯ್ತು ನನ್ನ ಕೆಲಸ!” ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಾನೆ, ಜೇಬಿನಲ್ಲಿರುವ ಬಾಚಣಿಗೆಯನ್ನು ಮಾತ್ರ ಮುಟ್ಟುವುದಿಲ್ಲ. “ಬರೀ ಕೂತು ನೋಡೋಕೆ ಬಸ್‌ಸ್ಟ್ಯಾಂಡ್ ಬೆಂಚು ಸಾಲದಾ?” ಎಂದು ಗೊಣಗುತ್ತಿದ್ದ ಹೆಂಡತಿ, ಅದೇನಿದೆಯೋ ನೋಡಿಯೇಬಿಡೋಣ ಎಂದು ಮೊನ್ನೆ ಜೊತೆಗೆ ಹೋದಳು. ಅಂಗಡಿಗೆ ಬಂದಾಗಲೆಲ್ಲ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು, ಒಂದು ಮಾತೂ ಆಡದೆ ಎದ್ದುಹೋಗುವ ಬ್ಯಾಂಕ್ ಮ್ಯಾನೇಜರು ಅಂದು ಕೆದರಿದ ತಲೆಯಲ್ಲೇ ಇಳಿದು ಬಂದವರು, ಇವನನ್ನು ಕಂಡದ್ದೇ ಎರಡೂ ಭುಜ ಹಿಡಿದುಕೊಂಡು “ಅಯ್ಯೋ, ನೀವಾ! ಬದುಕಿಕೊಂಡೆ ಕಣ್ರೀ!” ಎಂದು ಮಗುವಿನಂತೆ ನಕ್ಕರು. ವಾಪಸು ಬರುವಾಗ ಬಸ್ಸಿನಲ್ಲಿ ಅವನು ಎಂದಿನಂತೆ “ಮಾಡಿಸೋದಾ, ಬಿಡೋದಾ?” ಎಂದ. ಹೆಂಡತಿ ಕಿಟಕಿಯಾಚೆ ನೋಡುತ್ತಲೇ ಹೇಳಿದಳು: “ಮಾಡಿಸಿ. ಕನ್ನಡಿ ಇಲ್ಲದ ಕಡೆ ನೀವೂ ಜನರ ಕಣ್ಣಿಗೆ ಬೀಳ್ತೀರಿ.”