ಕರೆಪ್ಪ ಇಳಿದ ಗುಂಡಿ

ನನ್ನ ಗಂಡ ಕರೆಪ್ಪನ ಬಾಳೇವೆಲ್ಲಾ ವಿಜಾಪುರ ಜೋರಾಪುರ ಪೇಟಿ ಗಟಾರದ ಗುಂಡ್ಯಾಗ ಹೋತು. ಯಾರರ ಕೇಳಿದ್ರ ಹಿಂಗಽ ಹೇಳತೇನಿ, ನನಗೇನ ನಾಚಿಕಿ ಇಲ್ಲ. ನಾಚಬೇಕಾದವ್ರು ಬ್ಯಾರೆ ಅದಾರ.

ಪೇಟಿ ಹೊಲಸ ನೀರೆಲ್ಲಾ ಹರದು ನಮ್ಮ ಓಣಿ ಬಾಜೂಕಿನ ಗುಂಡಿಗೆ ಬೀಳತಿತ್ತು. ಎಣ್ಣಿ ಇಂಜಿನ್ನಿನ ಪಂಪು ಅದನ್ನ ಎತ್ತಿ ಊರ ಹೊರಗ ಚೆಲ್ಲತಿತ್ತು. ಪಂಪು ನಿಂತ್ರ ನೀರು ಮೊದಲ ಹೊಗೂದು ನಮ್ಮ ಮನ್ಯಾಗ. ಮಹಾಯುದ್ಧ ಮುಗದ ವರ್ಷ ಹೊಸಾ ಪಂಪು ಬಂತು. ಹಳೇದನ್ನ ನಿಲ್ಲಸದ ಅದರ ಮಗ್ಗಲಕ್ಕ ಹೊಸಾದು ಕೂಡಸಬೇಕು. ಮ್ಯಾಲ ಫಿಟ್ಟರ್ ಯಾಕೂಬ ಬೋಲ್ಟು ಬಿಗೀತಿದ್ದ. ಕೆಳಗ ಎದಿಮಟ ಹೊಲಸಿನ್ಯಾಗ ನಿಂತು ಕೊಳವಿ ಜೋಡಸಾವ್ರು ನಮ್ಮ ಮನಿಯವ್ರು. ಬೂದಿ ಹಚ್ಚಿ ಎಷ್ಟು ತಿಕ್ಕಿದ್ರೂ ಕೈ ವಾಸನಿ ಹೋಗತಿರಲಿಲ್ಲ. ರೊಟ್ಟಿ ನಾನಽ ತುತ್ತು ಮಾಡಿ ಅವ್ರ ಬಾಯಾಗ ಇಡತಿದ್ನಿ.

ಚಾಲೂ ಮಾಡೂ ದಿನ ಗುತ್ತೇದಾರ ಶಿವಯೋಗೆಪ್ಪ ಪೂಜಾ ಇಟ್ಟ. ಇಂಜಿನ್ನಿಗೆ ಕುಂಕುಮ, ಚೆಂಡುಹೂವಿನ ಮಾಲಿ. ನಮ್ಮವ್ರಿಗೆ ಮಾತ್ರ, ಮೈಲಿಗಿ ಆಗತೈತಿ, ರಸ್ತೆದ ಆಚಿ ನಿಲ್ಲು ಅಂದ. ತಿಂಗಳಾನಗಟ್ಟಲೆ ಮುಟ್ಟಿ ಕೂಡಿಸಿದಾವ್ರು ಅವತ್ತ ಮುಟ್ಟಬಾರದಂತ! ಸಾಲದ್ದಕ್ಕ, ಸಪ್ಪಳಕ್ಕ ಮಂತ್ರ ಕೇಳವಲ್ದು ಅಂತ ಹಳೇ ಪಂಪು ಬಂದ್ ಮಾಡಿಸಿದ. ಯಾಕೂಬ ಬ್ಯಾಡ್ರಿ ಬ್ಯಾಡ್ರಿ ಅಂದ, ಯಾರೂ ಕಿವ್ಯಾಗ ಹಾಕ್ಕೊಳ್ಳಲಿಲ್ಲ.

ಮನ್ಯಾಗ ಮಗಳು ಚಂದ್ರಾಬಾಯಿ ಹಸೀ ಬಾಣಂತಿ. ಆರತಿ ಮುಗಿಯೂದ್ರಾಗ ಗುಂಡಿ ತುಂಬಿ ಹೊಲಸ ನೀರು ನಮ್ಮ ಹೊಸ್ತಿಲಕ್ಕ ಬಂತು. ನಾ ಬಾಯಿ ಬಡಕೊಂತ ಗುಂಡಿ ಕಡೆ ಓಡಿ ಬಂದ್ನಿ. ಆರಿದ ಹಳೇ ಇಂಜಿನ್ ಮತ್ತ ಹೊತ್ತವಲ್ದಾತು. ಹೊಸಾ ಪಂಪಿಗೆ ನೀರು ಬಿಡೂ ಕೊಳವಿ ಚಾವಿ ಗುಂಡಿ ತಳದಾಗ, ನೀರಾಗ ಮುಳಗಿತ್ತು.

"ಕರೆಪ್ಪಾ, ಇಳಿಯೋ ಲಗೂನ," ಅಂತ ಶಿವಯೋಗೆಪ್ಪ ಒದರಿದ.

ಈಗ ಎಲ್ಲಿ ಹೋತು ಅವನ ಮೈಲಿಗಿ? ಆರತಿ ಹಿಡದಾವ ನೀನಽ ಇಳಿ ಅನ್ನಬೇಕಂದ್ನಿ, ಕೂಸಿನ ಮಾರಿ ನೆನಪಾಗಿ ನಾಲಿಗಿ ಏಳಲಿಲ್ಲ. ನಮ್ಮ ಮನ್ಯಾಗ ಕೂಸೈತಿ ಅಂತ ಗೊತ್ತಿದ್ದಽ ಆ ಭಾಡ್ಯಾ ಹೇಳಿದ್ದು. ನಮ್ಮವ್ರು ಅಂಗಿ ಕಳದು ಇಳದ್ರು. ತಲಿ ಮುಳುಗಿ, ಉಸರು ಹಿಡದು, ಚಾವಿ ತಿರವಿದ್ರು. ಹೊಸಾ ಪಂಪು ನೀರು ಎಳೀತು.

ಪೂಜಾರಿ ಎಲ್ಲಾರ ಕೈಯಾಗ ಕಾಯಿ ಹೋಳು ಕೊಟ್ಟ. ಮೈಯೆಲ್ಲಾ ಹೊಲಸ ಸೋರಕೊಂತ ನಿಂತ ನಮ್ಮವ್ರ ಮುಂದ ಒಂದು ಹೋಳು ದೂರಿಂದಽ ಒಗದ. ನನಗ ನೆತ್ತಿಗೇರಿತು. ಆ ಹೋಳು ಆರಿಸ್ಕೊಂಡು ಗುಂಡ್ಯಾಗ ಒಗ್ಯಾಕ ಕೈ ಎತ್ತಿದ್ನಿ. ಅವ್ರು ಹೊಲಸ ಕೈಲೆ ನನ್ನ ರಟ್ಟಿ ಹಿಡದ್ರು.

"ಬ್ಯಾಡ, ಹನಮಿ," ಅಂದ್ರು. "ಪಂಪಿನ ಬಾಯಿ ಕಟ್ಟತೈತಿ. ಮನ್ಯಾಗ ಮಗಳದಾಳ."