ಬೀದಿ ತಿಂದ ಅಂಟಿನುಂಡೆ

ಆ ಗಡಿಗೆ ನಮ್ಮ ಮನೆಯ ಹೊಸ್ತಿಲು ದಾಟಿ ಒಂದು ಗಳಿಗೆಯೂ ಆಗಿರಲಿಲ್ಲ, ಅದರೊಳಗಿದ್ದ ಉಂಡೆಗಳೆಲ್ಲ ಬೀದಿಯವರ ಬಾಯಿಗೆ ಬಿದ್ದಿದ್ದವು. ಇಷ್ಟು ವರ್ಷವಾಯಿತು. ಈಗಲೂ ಯಾರಾದರೂ ಬಂದು, ಅಜ್ಜಿ, ಬಾಣಂತಿಗೆ ಅಂಟಿನುಂಡೆ ಕಟ್ಟುವುದು ಹೇಗೆ ಹೇಳಿ ಎಂದರೆ ಅಳತೆ ನೆನಪಾಗುವ ಮೊದಲು ನನಗೆ ಸಿಟ್ಟು ಬರುತ್ತದೆ. ಬಂದರೆ ಬರಲಿ. ಅದನ್ನು ನುಂಗಿಕೊಂಡು ಕೂತಿರುವ ವಯಸ್ಸು ನನಗೆ ಮುಗಿದಿದೆ.

ಮಹಾರಾಜರ ಆಳ್ವಿಕೆ, ಎಲ್ಲೋ ದೂರದಲ್ಲಿ ಯುದ್ಧ ನಡೆಯುತ್ತಿದ್ದ ಕಾಲ. ಸಕ್ಕರೆಯ ಮುಖ ನೋಡಿ ತಿಂಗಳುಗಳಾಗಿದ್ದವು, ಸಿಹಿ ಅಂದರೆ ಬೆಲ್ಲವೇ. ನನಗೆ ಹದಿನೇಳು. ಚೊಚ್ಚಲ ಹೆರಿಗೆ ತವರಲ್ಲಾಗಬೇಕು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ನಾನು ಬಸುರಿಯಾದ ವರ್ಷವೇ ನಮ್ಮಮ್ಮನೂ ಬಸುರಿಯಾದಳು. ನಗಬೇಡಿ, ಆಗ ಇದೆಲ್ಲ ಮನೆಮನೆಯಲ್ಲೂ ನಡೆಯುತ್ತಿತ್ತು. ತಾಯಿ ಮಗಳು ಒಂದೇ ಸೂರಿನಡಿ ಹೆರಬಾರದು ಎಂದು ನಮ್ಮಲ್ಲಿ ನಂಬಿಕೆ. ಹಾಗಾಗಿ ಪಾವಗಡದ ಆಚೆ ಬಲಸಮುದ್ರದ ಕಡೆಯಿದ್ದ ನನ್ನ ತವರಿಗೆ ನಾನು ಹೋಗಲಿಲ್ಲ. ಬಡವನಹಳ್ಳಿಯ ಹತ್ತಿರದ ಗಂಡನ ಮನೆಯಲ್ಲೇ, ಕತ್ತಲೆ ಕೋಣೆಯೊಂದರಲ್ಲಿ ಹೆತ್ತೆ. ಹೆಣ್ಣು ಮಗು. ಗುಂಡುಗುಂಡಗೆ, ಕೂದಲು ತುಂಬಿಕೊಂಡು ಹುಟ್ಟಿದಳು.

ನಮ್ಮತ್ತೆಯದು ಬಾಣಂತಿಯನ್ನು ಒಣಗಿಸುವ ಪದ್ಧತಿ. ದಿನಕ್ಕೆರಡು ಸಲ ಒಂದು ಹಿಡಿ ಅನ್ನ, ಅದರ ಮೇಲೆ ಮೆಣಸಿನ ಸಾರು. ನೀರು ಕೇಳಿದರೆ ಒಂದು ಗುಟುಕು, ಅದೂ ಬಿಸಿನೀರು. ಹೆಚ್ಚು ಉಂಡರೆ ಮಗುವಿಗೆ ಅಜೀರ್ಣವಂತೆ, ಹೆಚ್ಚು ಕುಡಿದರೆ ಹೊಟ್ಟೆ ಬರುತ್ತದಂತೆ. ಇದರ ಜೊತೆಗೆ ಮೈಲಿಗೆಯದೊಂದು ಕಟ್ಟುಪಾಡು. ಬೇರೆಯವರ ಮನೆಗಳಲ್ಲಿ ಹನ್ನೊಂದನೇ ದಿನ ಪುರುಡು ಕಳೆದರೆ ಮುಗಿಯಿತು. ನಮ್ಮತ್ತೆಗೆ ಹಾಗಲ್ಲ. ಮೂರನೇ ತಿಂಗಳು ಬಾವಿಗೆ ಹೋಗಿ ಗಂಗೆ ಪೂಜೆ ಮಾಡಿ ಬರುವವರೆಗೂ ನಾನು ಅಡುಗೆಮನೆಗೆ ಕಾಲಿಡುವಂತಿಲ್ಲ, ನಾನು ಮುಟ್ಟಿದ್ದನ್ನು ಮನೆಯ ಮತ್ತೊಬ್ಬರು ತಿನ್ನುವಂತಿಲ್ಲ. ತಟ್ಟೆಯನ್ನು ಬಾಗಿಲಲ್ಲಿಟ್ಟು ಕಾಲಿನಿಂದ ಒಳಕ್ಕೆ ತಳ್ಳುತ್ತಿದ್ದರು.

ಒಂಬತ್ತನೇ ದಿನ ಅಪ್ಪ ಬಂದರು. ಎರಡು ದಿನದ ದಾರಿ, ಸ್ವಲ್ಪ ಗಾಡಿಯಲ್ಲಿ, ಮಿಕ್ಕಿದ್ದು ನಡೆದು. ತಲೆಯ ಮೇಲೆ ಒಂದು ಗಡಿಗೆ, ಬಾಯಿಗೆ ಬಟ್ಟೆ ಕಟ್ಟಿತ್ತು. ಅಮ್ಮ ಕಟ್ಟಿದ ಅಂಟಿನುಂಡೆ. ನಮ್ಮ ಕಡೆಯ ಜಾಲಿಮರಗಳಲ್ಲಿ ಒಸರುವ ಅಂಟನ್ನು ಬೇಸಿಗೆಯುದ್ದಕ್ಕೂ ಚಿವುಟಿ ಕೂಡಿಡಬೇಕು. ಬಿಸಿಲಿಗೆ ಒಣಗಿಸಿ, ತುಪ್ಪದಲ್ಲಿ ಹುರಿದರೆ ಹೂವಿನ ಹಾಗೆ ಅರಳುತ್ತದೆ. ಅದಕ್ಕೆ ತುರಿದ ಕೊಬ್ಬರಿ, ಉತ್ತುತ್ತೆ, ಗಸಗಸೆ, ಒಣಶುಂಠಿ ಹಾಕಿ, ಬೆಲ್ಲದ ಪಾಕದಲ್ಲಿ ಕೈ ಸುಡುವಾಗಲೇ ಉಂಡೆ ಕಟ್ಟಬೇಕು. ದಿನಕ್ಕೊಂದು ತಿಂದರೆ ಸೊಂಟ ನಿಲ್ಲುತ್ತದೆ, ಎದೆಯಲ್ಲಿ ಹಾಲು ನಿಲ್ಲುತ್ತದೆ. ನಲವತ್ತು ದಿನಕ್ಕೆ ನಲವತ್ತು ಉಂಡೆ. ಎಂಟು ತಿಂಗಳ ಬಸುರಿ ಒಲೆಯ ಮುಂದೆ ಕೂತು ಅಷ್ಟನ್ನೂ ಕಟ್ಟಿದ್ದಳು.

ಕೋಣೆಯ ಬಾಗಿಲ ಸಂದಿಯಿಂದ ನಾನು ನೋಡುತ್ತಿದ್ದೆ. ಅತ್ತೆ ಬಟ್ಟೆ ಬಿಚ್ಚಿದರು, ಮೂಗಿಗೆ ಹಿಡಿದರು, ಮುಖ ಅರಳಿತು. ಆಮೇಲೆ ಮೊರ ತಂದರು.

"ಬೀಗರ ಮನೆಯಿಂದ ಸಿಹಿ ಬಂದೈತೆ, ಬೀದಿಗೆ ಬೀರದಿದ್ರೆ ಮರ್ಯಾದೆ ಉಳೀತದಾ?" ಅಂದರು.

ಬೀರುವುದು ಅಂದರೆ ಮನೆಮನೆಗೂ ಹಂಚುವುದು. ಸೊಸೆಯ ತವರಿಂದ ಹೋಳಿಗೆ ಬರಲಿ, ಚಿಗಳಿ ಬರಲಿ, ಬೀದಿಗೆಲ್ಲ ಬೀರಬೇಕು, ಅದು ಪದ್ಧತಿ. ಒಪ್ಪಿದೆ. ಆದರೆ ಇದು ಸಿಹಿಯಾ? ಇದು ಔಷಧಿ! ಬಾಣಂತಿಯ ಔಷಧಿಯನ್ನು ಯಾರಾದರೂ ಬೀದಿಗೆ ಹಂಚುತ್ತಾರಾ? ನಾನು ಒಳಗಿಂದ, "ಅತ್ತೆ, ಅದು ನಂಗೆ ಕಳಿಸಿರೋದು" ಅಂದೆ. "ಸುಮ್ಕೆ ಮಲಿಕ್ಕಳಮ್ಮ, ನಿಂಗೂ ಇಡ್ತೀನಿ" ಎಂದು ಹೊರಟೇ ಬಿಟ್ಟರು.

ನನಗೆ ಹೆಚ್ಚು ಉರಿದದ್ದು ಅಪ್ಪನ ಮೇಲೆ. ಜಗಲಿಯ ಮೇಲೆ ಕೂತು, ಹೆಂಡತಿ ಕಟ್ಟಿದ ಉಂಡೆಗೆ ಬೀಗರ ಊರಲ್ಲಿ ಎಂಥ ಗೌರವ ಎಂದು ಮೀಸೆ ನೀವಿಕೊಳ್ಳುತ್ತಿದ್ದರು. ಗಡಿಗೆಯಲ್ಲಿ ಅರ್ಧವಾದರೂ ನನಗೆ ಉಳಿಯುತ್ತದೆ ಅಂದುಕೊಂಡಿದ್ದರಂತೆ. ಗಂಡಸರು ಬಾಣಂತಿ ಕೋಣೆಗೆ ಬರುವಂತಿಲ್ಲ, ಬಾಗಿಲಾಚೆಯಿಂದಲೇ ನಮ್ಮ ಗಡಿ ಸೀಮೆಯ ತೆಲುಗು ಬೆರೆಸಿ "ಹುಷಾರು ತಲ್ಲೀ" ಅಂದು ಮರುದಿನ ನಸುಕಿನಲ್ಲೇ ಹೊರಟುಹೋದರು. ಅವರ ಎದುರು ಅತ್ತೆಯ ಮೇಲೆ ದೂರು ಹೇಳಲು ನನಗೂ ಬಾಯಿ ಬರಲಿಲ್ಲ. ಆ ಬಾಯಿ ಆಮೇಲೆ ಬಂತು.

ಉಳಿದದ್ದು ಎರಡು ಉಂಡೆ. ಒಂದನ್ನು ದೇವರ ಮುಂದಿಟ್ಟು ಮನೆಯವರು ಹಂಚಿಕೊಂಡರು. ಇನ್ನೊಂದು ನನ್ನ ತಟ್ಟೆಗೆ ಬಂತು. ಇನ್ನು ಬೀದಿಯ ಹೆಂಗಸರೋ, ಮಾರನೇ ದಿನದಿಂದ ಒಬ್ಬೊಬ್ಬರಾಗಿ ನನ್ನ ಬಾಗಿಲಿಗೆ ಬಂದು ನಿಂತು, "ನಿಮ್ಮಮ್ಮನ ಕೈಗುಣ ಏನು ಚೆಂದ ಕಣಮ್ಮ, ನಮ್ಮೆಜಮಾನ್ರು ಎರಡು ತಿಂದ್ರು" ಎಂದು ಹೊಗಳಿ ಹೋದರು. ನಿಮ್ಮ ಯಜಮಾನರು ಯಾವ ಮಗುವಿಗೆ ಹಾಲೂಡಿಸಬೇಕಿತ್ತಮ್ಮ, ಎಂದು ಕೇಳಬೇಕಿತ್ತು.

ಇನ್ನೊಂದು ವಾರಕ್ಕೆ ಹಾಲು ಕಮ್ಮಿಯಾಯಿತು. ಮಗು ಎಳೆಯುತ್ತಿತ್ತು, ಎಳೆದೆಳೆದು ಸೋತು ಮುಖ ತಿರುಗಿಸಿ ಅಳುತ್ತಿತ್ತು. ಅಳುವಿನ ದನಿಯೂ ದಿನದಿನಕ್ಕೆ ಸಣ್ಣದಾಗುತ್ತ ಬಂತು. ಕೆನ್ನೆ ಬತ್ತಿತು. ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಚಿಟಿಚಿಟಿ ಅಂದದ್ದು ಕೇಳಿ, "ನೋಡು, ಎಷ್ಟು ದೃಷ್ಟಿ ತಾಕಿತ್ತು" ಅಂದರು. ಅದೂ ಫಲಿಸದಿದ್ದಾಗ ತಪ್ಪು ನನ್ನ ಮೈಮೇಲೆ ಬಂತು. "ಇವಳ ಎದೇಲಿ ಹಾಲೇ ಇಲ್ಲ ಬುಡು. ಆ ಬರಗಾಲದ ಸೀಮೆಯಿಂದ ಹೆಣ್ಣು ತಂದ್ರೆ ಇನ್ನೆಂಗಿರ್ತದೆ?" ಎಂದು ಹೊರಗೆ ಹೇಳುವುದು ಕೇಳಿಸಿತು.

ನಮ್ಮವರು ಬಾಗಿಲಿಗೆ ಬಂದಾಗ ಎಲ್ಲವನ್ನೂ ಹೇಳಿದೆ. ತಲೆ ಕೆರೆದುಕೊಂಡರು. "ಅವ್ವಂಗೆ ಇದೆಲ್ಲ ಗೊತ್ತೈತೆ. ನೀನು ಎದುರು ಮಾತಾಡ್ಬ್ಯಾಡ" ಅಂದರು. ಒಳ್ಳೆಯ ಮನುಷ್ಯ ಅವರು, ಒಂದು ದಿನವೂ ಕೈ ಎತ್ತಿದವರಲ್ಲ. ಆದರೆ ಅವತ್ತು ಆ ಒಳ್ಳೆಯತನವನ್ನು ತೆಗೆದುಕೊಂಡು ನಾನೇನು ಉಪ್ಪಿನಕಾಯಿ ಹಾಕಬೇಕಿತ್ತಾ?

ಇಪ್ಪತ್ತೆರಡನೇ ದಿನ ಇರಬೇಕು. ಹಬ್ಬ ಹತ್ತಿರ ಬಂದಿತ್ತು. ಅಡುಗೆಮನೆಗೆ ಹೊಸ ಬೆಲ್ಲದ ಅಚ್ಚು, ಕೊಬ್ಬರಿ ಗಿಟುಕು, ಕಾಸಿದ ತುಪ್ಪ ಎಲ್ಲ ಬಂದು ಕೂತಿದ್ದವು. ತುಪ್ಪದ ವಾಸನೆ ನನ್ನ ಕೋಣೆಯವರೆಗೂ ಬರುತ್ತಿತ್ತು. ಅತ್ತೆ ಹಿತ್ತಿಲಲ್ಲಿ ಬೆರಣಿ ತಟ್ಟುತ್ತಿದ್ದರು. ಮೊರದಲ್ಲಿ ಮಲಗಿಸಿದ್ದ ಮಗು ಬಾಯಿ ತೆರೆಯಿತು, ದನಿ ಬರಲಿಲ್ಲ. ಬರೀ ಬಾಯಿ ತೆರೆದದ್ದು. ಅದನ್ನು ನೋಡಿದ ಮೇಲೆ ನನಗೆ ಯಾವ ಭಯವೂ ಉಳಿಯಲಿಲ್ಲ. ಮೊರದ ಸಮೇತ ಮಗುವನ್ನು ಎತ್ತಿಕೊಂಡು ನೆಟ್ಟಗೆ ಅಡುಗೆಮನೆಗೆ ನಡೆದೆ.

ಮೊದಲು ತುಪ್ಪದ ಗಡಿಗೆ ಮುಟ್ಟಿದೆ. ಆಮೇಲೆ ಬೆಲ್ಲ. ಆಮೇಲೆ ಕೊಬ್ಬರಿ, ಶುಂಠಿ, ಎಳ್ಳು, ರಾಗಿಯ ಹುರಿಹಿಟ್ಟು. ಕಂಡ ಡಬ್ಬಿ, ಕಂಡ ಮಡಕೆಗೆಲ್ಲ ಎರಡೂ ಕೈ ಇಟ್ಟು ಮುಟ್ಟಿದೆ. ಕೊನೆಗೆ ಬಾಣಲೆ ತೆಗೆದು ಒಲೆಯ ಮೇಲಿಟ್ಟೆ. ಸದ್ದು ಕೇಳಿ ಅತ್ತೆ ಸಗಣಿ ಕೈಯಲ್ಲೇ ಓಡಿ ಬಂದರು.

"ಅಯ್ಯಯ್ಯೋ! ಏನ್ ಮಾಡ್ಬುಟ್ಟೆಯೇ! ಹಬ್ಬದ ಸಾಮಾನೆಲ್ಲ ಮುಟ್ಬುಟ್ಟೆಯಲ್ಲೇ!"

"ಹೂಂ, ಮುಟ್ಟಿದೀನಿ. ಬಾಣಂತಿ ಮುಟ್ಟಿದ್ದು ಯಾರೂ ತಿನ್ನಂಗಿಲ್ಲ ಅಂತ ನೀವೇ ಹೇಳಿದ್ದು. ಇನ್ನ ಇದು ಯಾರಿಗೂ ಆಗಲ್ಲ. ನಂಗೊಬ್ಬಳಿಗೇ."

"ತಿಪ್ಪೆಗೆ ಸುರೀತೀನಿ, ನಿಂಗೆ ಮಾತ್ರ ಕೊಡಲ್ಲ!"

"ಸುರೀರಿ. ಸುರಿಯೋಕೆ ನೀವು ಮುಟ್ಬೇಕಲ್ಲ ಅತ್ತೆ."

ಮುಂದಿಟ್ಟ ಕಾಲನ್ನು ಹಿಂದಕ್ಕೆಳೆದುಕೊಂಡರು. ಮುಟ್ಟಿದರೆ ತಲೆಗೆ ಸ್ನಾನ, ಸೀರೆ ಒಗೆತ, ಒಂದು ಹೊತ್ತಿನ ಉಪವಾಸ. ಅವರದೇ ಕಟ್ಟುಪಾಡು, ಅವರನ್ನೇ ಹೊಸ್ತಿಲಾಚೆ ನಿಲ್ಲಿಸಿತ್ತು. ಎದೆ ಎದೆ ಬಡಿದುಕೊಂಡು ಬೀದಿಗೆ ಓಡಿದರು.

ಹುರಿಹಿಟ್ಟಿಗೆ ತುಪ್ಪ ಹಾಕಿ ಕೈಯಾಡಿಸಿದೆ. ಅಂಟು ಇರಲಿಲ್ಲ, ಇಲ್ಲದಿದ್ದರೆ ಬೇಡ. ನಿಲ್ಲಲಾಗದೆ ಗೋಡೆಗೆ ಸೊಂಟ ಒರಗಿಸಿಕೊಂಡೆ. ಮೊದಲ ಪಾಕ ಸೀದುಹೋಯಿತು. ಅದನ್ನೂ ಬಿಡಲಿಲ್ಲ, ಉಗುರಿನಿಂದ ಕೆರೆದು ತಿಂದೆ. ಎರಡನೆಯದು ಹದಕ್ಕೆ ಬಂತು. ಬೆರಳು ಬೊಬ್ಬೆಯೇಳುತ್ತಿದ್ದರೂ ಕಟ್ಟಿದೆ, ಕಟ್ಟುತ್ತಲೇ ಬಾಯಿಗೆ ಹಾಕಿಕೊಂಡೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ದುಃಖಕ್ಕಲ್ಲ, ಸಿಟ್ಟಿಗೆ. ಆಮೇಲೆ ಒಂದು ಚೆಂಬು ನೀರು ತುಂಬಿಕೊಂಡು ಗಟಗಟ ಕುಡಿದೆ.

ಅಷ್ಟರಲ್ಲಿ ಬೀದಿಯ ಹೆಂಗಸರು ಬಾಗಿಲಲ್ಲಿ ಗುಂಪು ಸೇರಿದ್ದರು. "ಏನಮ್ಮ ಇದು, ಹಿಂಗಾ ಮಾಡೋದು?" ಅಂದಳು ಒಬ್ಬಳು. ನನಗೆ ಬಂತು ನೋಡಿ ಬಾಯಿ.

"ನನ್ನುಂಡೆ ತಿಂದೋರೆಲ್ಲ ಬಂದ್ರಾ? ಬನ್ನಿ ಬನ್ನಿ. ಈ ಮಗೀನ ನೋಡ್ರಿ. ನೀವು ತಿಂದಿದ್ದು ಇದರ ಹಾಲು ಕಣ್ರಮ್ಮ. ರುಚಿ ಇತ್ತಾ?"

ಒಬ್ಬೊಬ್ಬರಾಗಿ ಕರಗಿಹೋದರು. ಮೂಲೆ ಮನೆಯ ಹಲ್ಲಿಲ್ಲದ ಮುದುಕಿ ಮಾತ್ರ ಹೋಗಿ, ಸೆರಗಿನಲ್ಲಿ ಏನೋ ಕಟ್ಟಿಕೊಂಡು ವಾಪಸು ಬಂತು. ಕಲ್ಲಿನಂತಾಗಿದ್ದ ಒಂದು ಅಂಟಿನುಂಡೆ. "ಕಡಿಯೋಕಾಗಲಿಲ್ಲ ಕಣವ್ವ, ಗೂಡಲ್ಲಿಟ್ಟಿದ್ದೆ. ತಗಾ" ಎಂದು ನನ್ನ ಕೈಗೆ ಹಾಕಿತು.

ಅತ್ತೆ ಗಂಜಲ ಎರಚಿ, ಸಗಣಿ ಸಾರಿಸಿ, ಅಡುಗೆಮನೆಯನ್ನು ಶುದ್ಧ ಮಾಡಿದರು. ಮುಟ್ಟಿದ ಸಾಮಾನನ್ನೆಲ್ಲ ನಾನೇ ನನ್ನ ಕೋಣೆಗೆ ಹೊತ್ತು ತಂದೆ, ಜೊತೆಗೆ ಮೂರು ಕಲ್ಲಿನ ಒಲೆಯೂ ಬಂತು. ಆ ವರ್ಷ ನಮ್ಮ ಮನೆಯಲ್ಲಿ ಹಬ್ಬಕ್ಕೆ ಹೋಳಿಗೆಯಿಲ್ಲ. ನಾನು ದಿನಕ್ಕೆರಡು ಉಂಡೆ ತಿಂದೆ, ಕೇಳಿದಷ್ಟು ನೀರು ನಮ್ಮವರೇ ಸೇದಿ ತಂದು ಬಾಗಿಲಲ್ಲಿಟ್ಟರು. ಐದನೇ ದಿನಕ್ಕೆ ರವಿಕೆ ಒದ್ದೆಯಾಗುವಷ್ಟು ಹಾಲು ಇಳಿಯಿತು. ಮಗು ಗುಟುಕು ಗುಟುಕಾಗಿ ನುಂಗುವ ಸದ್ದು ಕೇಳಿದ ಮೇಲೆ ನಾನೂ ನಿದ್ದೆ ಮಾಡಿದೆ.

ಮಗುವಿಗೆ ಎರಡು ತಿಂಗಳು ತುಂಬುವ ಹೊತ್ತಿಗೆ ಅಪ್ಪ ಮತ್ತೆ ಬಂದರು. ಬರಿಗೈ. ಜಗಲಿಯ ಮೇಲೆ ಕೂರದೆ ಕಂಬಕ್ಕೆ ಒರಗಿ ನಿಂತರು. ಅಮ್ಮನಿಗೆ ಹೆರಿಗೆಯಾಯಿತಾ ಎಂದು ನಾನು ಒಳಗಿಂದಲೇ ಕೇಳಿದೆ.

"ಆಯ್ತು ತಲ್ಲೀ. ಗಂಡು. ಹನ್ನೆರಡು ದಿನ ಇತ್ತು."

ಆಮೇಲೆ ಅವರಾಗಿ ಹೇಳಿದರು. ಅಮ್ಮನಿಗೆ ಹಾಲೇ ಬರಲಿಲ್ಲವಂತೆ. ಬೇಸಿಗೆಯುದ್ದಕ್ಕೂ ಚಿವುಟಿದ ಅಂಟು, ತುಪ್ಪ, ಕೊಬ್ಬರಿ, ಎಲ್ಲ ಅವಳ ಬಾಣಂತನಕ್ಕೆ ಎಂದು ಕೂಡಿಟ್ಟದ್ದಂತೆ. "ಮಗಳದು ಚೊಚ್ಚಲು, ನನ್ನದು ಎಷ್ಟನೆಯದೋ, ನನಗೆ ನಡೆಯುತ್ತದೆ" ಎಂದು ಅಷ್ಟನ್ನೂ ನನ್ನ ಗಡಿಗೆಗೆ ಹಾಕಿದಳಂತೆ. ಆ ವರ್ಷ ಕೊಳ್ಳುವುದಕ್ಕೆ ತುಪ್ಪವೂ ಸಿಗಲಿಲ್ಲ, ಮರದಲ್ಲಿ ಅಂಟೂ ಉಳಿದಿರಲಿಲ್ಲ.

ಉಂಡೆ ಇದ್ದಿದ್ದರೆ ಆ ಕೂಸು ಬದುಕುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಹನ್ನೆರಡು ದಿನದ ಮಕ್ಕಳು ಆಗ ನೂರು ಕಾರಣಕ್ಕೆ ಸಾಯುತ್ತಿದ್ದವು. ಆದರೆ ಅತ್ತೆ ನಡುಮನೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡು, ಸೆರಗು ಬಾಯಿಗಿಟ್ಟು, "ದೇವರು ಕೊಟ್ಟ, ದೇವರೇ ಕಿತ್ಕೊಂಡ, ಏನು ಮಾಡಾಕಾಯ್ತದೆ" ಅಂದಾಗ ನನ್ನ ಮೈಯೆಲ್ಲ ಉರಿಯಿತು.

"ದೇವ್ರ ಮೇಲೆ ಹಾಕಬ್ಯಾಡಿ ಅತ್ತೆ," ಅಂದೆ. "ದೇವ್ರು ತಿಂದಿದ್ದು ಒಂದೇ ಉಂಡೆ. ಮಿಕ್ಕಿದ್ದನ್ನ ಬೀರಿದ್ದು ನೀವು."

ಅಪ್ಪನಿಗೆ ಆಗ ಅರ್ಥವಾಯಿತು. ಅತ್ತೆಯ ಮುಖ ನೋಡಿದರು, ಬೀದಿಯ ಕಡೆ ನೋಡಿದರು, ಕಂಬದ ಬುಡದಲ್ಲಿ ಕುಸಿದು ಕೂತರು. "ನಾನೂ ನೋಡ್ತಾ ಕೂತಿದ್ನಲ್ಲ ತಲ್ಲೀ," ಅಂದರು. ಅವತ್ತು ನಾನು ಅವರನ್ನು ಸಮಾಧಾನ ಮಾಡಲಿಲ್ಲ.