ಮೆಟ್ಟಿಲ ಹರಕೆಯ ಅಕ್ಕ

ಅವರ ಬಲಗೈಯ ಉಂಗುರದ ಬೆರಳು ಉಗುರಿನ ಸಂದಿಯವರೆಗೂ ಕೆಂಪಾಗಿರುತ್ತಿತ್ತು. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗದ ಕುಂಕುಮದ ಕೆಂಪು. ನಾನು ಮದುವೆಯಾಗಿ ಮೈಸೂರಿನ ನಜರ್‌ಬಾದಿಗೆ ಬಂದ ಹೊಸದರಲ್ಲಿ ಹಿತ್ತಿಲ ಗೋಡೆಯ ಮೇಲಿನಿಂದ ಆ ಕೈ ಒಂದು ಬಟ್ಟಲು ಮಜ್ಜಿಗೆಹುಳಿ ದಾಟಿಸಿತು. "ನಿಮ್ಮತ್ತೆ ಕೈ ಖಾರ ಕಣೇ, ಇದನ್ನ ಹಾಕ್ಕೊಂಡು ಊಟ ಮಾಡು" ಎಂಬ ದನಿ ಆಮೇಲೆ ಬಂತು. ಅಂದಿನಿಂದ ಅವರು ನನಗೆ ಅಕ್ಕ.

ಆಗ ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಯುದ್ಧದ ಕಾಲದಲ್ಲಿ ಕೆಲಸ ಹುಡುಕಿಕೊಂಡು ಮುಂಬಯಿಗೆ ಹೋದ ಅಕ್ಕನ ಗಂಡ ತಿರುಗಿ ಬಂದಿರಲಿಲ್ಲ. ಸುದ್ದಿಯೂ ಇಲ್ಲ, ಮಕ್ಕಳೂ ಇಲ್ಲ. ಗಂಡನ ಅಣ್ಣನ ಮನೆಯಲ್ಲೇ ಅಡಿಗೆ ಮಾಡಿಕೊಂಡು ಇದ್ದರು. ಆ ಭಾವನವರು ಅರಮನೆಯ ಕಚೇರಿಯಲ್ಲಿದ್ದು ನಿವೃತ್ತರಾದವರು. ಕೆಟ್ಟವರೇನಲ್ಲ, ಆದರೆ ಶಾಸ್ತ್ರ ಎಂದರೆ ಶಾಸ್ತ್ರ. ಹನ್ನೆರಡು ವರ್ಷ ಪತ್ತೆಯಿಲ್ಲದವನನ್ನು ಸತ್ತನೆಂದೇ ತಿಳಿದು, ದರ್ಭೆಯ ಗೊಂಬೆ ಮಾಡಿ ಸುಟ್ಟು ಕರ್ಮ ಮುಗಿಸಬೇಕು. ಇಲ್ಲದಿದ್ದರೆ ತಮ್ಮ ಪ್ರೇತವಾಗಿ ಅಲೆಯುತ್ತಾನೆ ಎಂಬ ಸಂಕಟ ಅವರಿಗೆ. ಕರ್ಮವಾದ ಮೇಲೆ ಅಕ್ಕನ ಕುಂಕುಮ ಅಳಿಸಿ, ಬಳೆ ಒಡೆದು, ತಲೆ ಬೋಳಿಸಬೇಕು. ಎಷ್ಟೋ ಮನೆಗಳಲ್ಲಿ ನಿಂತುಹೋಗಿದ್ದ ಪದ್ಧತಿ ಅದು. ಆ ಮನೆಯಲ್ಲಿ ಮಾತ್ರ ನಿಂತಿರಲಿಲ್ಲ.

ಇದಕ್ಕೆಲ್ಲ ಅಡ್ಡ ಬಂದದ್ದು ಒಂದು ಹರಕೆ. ಬೆಟ್ಟದ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಚಾಮುಂಡಮ್ಮನ ಗುಡಿಯವರೆಗೆ ಹತ್ತುತ್ತೇನೆಂದು ಅಕ್ಕ ಬಹಳ ಹಿಂದೆಯೇ ಹೊತ್ತುಕೊಂಡಿದ್ದರು. ಒಂದೇ ಸಲಕ್ಕೆ ಹತ್ತಿ ಮುಗಿಸಬೇಕು. ನಡುವೆ ನಿಂತರೆ ಮತ್ತೆ ಕೆಳಗಿನಿಂದಲೇ ಶುರು. ಕುಂಕುಮದ ಹರಕೆಯನ್ನು ವಿಧವೆ ತೀರಿಸುವಂತಿಲ್ಲ. ತೀರಿಸದೆ ಬಿಟ್ಟು ಅಮ್ಮನವರ ಕೋಪ ಕಟ್ಟಿಕೊಳ್ಳಲು ಭಾವನವರಿಗೂ ಧೈರ್ಯವಿಲ್ಲ. ಹಾಗಾಗಿ ಕರ್ಮ ಮುಂದಕ್ಕೆ ಹೋಗುತ್ತಲೇ ಇತ್ತು. ಅಕ್ಕ ಪ್ರತಿ ಆಷಾಢದಲ್ಲೂ ಬೆಟ್ಟ ಹತ್ತುವರು, ಏನೋ ಒಂದು ವಿಘ್ನ ಬಂದು ಅರ್ಧಕ್ಕೇ ಇಳಿಯುವರು. ಕಾಲು ಉಳುಕಿತು, ಮಳೆ ಬಂದು ಎಲ್ಲಾ ತೊಳೆದುಹೋಯಿತು, ತಲೆ ಸುತ್ತಿತು. "ಪಾಪ, ಅವಳ ಹಣೇಲಿ ಬರೆದಿಲ್ಲ" ಎಂದು ನಮ್ಮ ಬೀದಿಯೆಲ್ಲ ಮರುಗುತ್ತಿತ್ತು.

ಒಂದು ವರ್ಷ ಜೊತೆಗೆ ನಾನೂ ಹೋದೆ. ಅಬ್ಬಾ, ಆ ಮೆಟ್ಟಿಲುಗಳೋ! ಒಂದು ಮೊಣಕಾಲೆತ್ತರ, ಇನ್ನೊಂದು ಗೇಣೆತ್ತರ. ಎರಡು ಕಡೆಯೂ ಲಂಟಾನದ ಪೊದೆ, ಬಂಡೆ, ಕುರುಚಲು ಕಾಡು. ಎಲ್ಲೋ ಒಳಗೆ ನವಿಲು ಕೂಗುತ್ತದೆ, ಕಾಣುವುದಿಲ್ಲ. ಬರಿಗೈಯಲ್ಲಿ ಹತ್ತುವ ನನಗೇ ಎದೆ ಬಾಯಿಗೆ ಬಂದಿತ್ತು. ಅಕ್ಕ ಒಂದೊಂದಕ್ಕೂ ಬಗ್ಗಿ, ಬೊಟ್ಟಿಟ್ಟು, ಏಳುತ್ತಿದ್ದರು. ಮುಖದಲ್ಲಿ ಭಕ್ತಿಗಿಂತ ಗಾಬರಿ ಹೆಚ್ಚು ಕಾಣುತ್ತಿತ್ತು. ದಾರಿಯಲ್ಲಿ ಸಿಗುವ ದೊಡ್ಡ ನಂದಿ ವಿಗ್ರಹ ದಾಟಿ ಸ್ವಲ್ಪ ಮೇಲೆ, ಮರದ ನೆರಳಲ್ಲಿ ಕೋತಿಗಳು ಕೂತಿದ್ದವು. ಹಿಂದೆ ಮುಂದೆ ನೋಡಿ ಅಕ್ಕ ಕುಂಕುಮದ ಪೊಟ್ಟಣವನ್ನು ತಾವೇ ಒಂದು ಕೋತಿಯ ಮುಂದೆ ಹಿಡಿದರು. ಆ ಹಾಳಾದ್ದು ಕಿತ್ತುಕೊಂಡು ಓಡಿತು.

"ಅಕ್ಕಾ! ನೀವೇ ಕೊಟ್ರಿ ಅದಕ್ಕೆ!"

"ಕೂಗ್ಬೇಡ್ವೇ" ಎಂದು ಮೆಟ್ಟಿಲ ಮೇಲೆ ಕುಸಿದು ಕೂತರು. "ಹರಕೆ ಮುಗಿದ್ರೆ ನಾಳೇನೇ ಪುರೋಹಿತರು ಬರ್ತಾರೆ, ನಾಡಿದ್ದು ಕ್ಷೌರದವನು ಬರ್ತಾನೆ. ನನ್ನ ಗತಿ ಏನು, ಹೇಳು."

"ನೀವು ನಿಮ್ಮನೆಯವರು ಬರ್ತಾರೆ ಅಂತ ಕಾಯ್ತಿದೀರಿ ಅನ್ಕೊಂಡಿದ್ದೆ."

"ಬಂದ್ರೆ ಬರ್ಲಿ, ಬಿಟ್ರೆ ಬಿಡ್ಲಿ. ಆ ಮುಖಾನೇ ಮರೆತುಹೋಗಿದೆ ಕಣೇ. ಕನ್ನಡಿ ಮುಂದೆ ನಿಂತ್ರೆ ನಂದು ಅಂತ ಇರೋದು ಈ ಕೂದಲೊಂದೇ." ಕೆಂಪಾದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಹೇಳಿದರು: "ಅಮ್ಮನವರಿಗೇ ಮೋಸ ಮಾಡ್ತಿದೀನಿ. ಅದು ನಂಗೆ ಗೊತ್ತಿಲ್ಲ ಅಂದ್ಕೋಬೇಡ."

ಬೆಟ್ಟದಿಂದ ಬಂದಾಗಲೆಲ್ಲ ಅವರಿಗೆ ಜ್ವರ ಬರುತ್ತಿತ್ತು. ಅದು ಬಿಸಿಲಿನ ಜ್ವರ ಎಂದು ನಾನು ಎಷ್ಟು ಹೇಳಿದರೂ ಅವರು ನಂಬಲಿಲ್ಲ.

ಮರುವರ್ಷ ಭಾವನವರು, "ಈ ಸಲ ನಾನೇ ಬರ್ತೀನಿ" ಎಂದರು. ಅಕ್ಕನ ಮುಖ ಕಪ್ಪಿಟ್ಟಿತು. ಆಷಾಢದ ಶುಕ್ರವಾರ ಕುಂಕುಮದ ತಟ್ಟೆ ಹಿಡಿದು ಆ ಮುದುಕರು ಅಕ್ಕನ ಹಿಂದೆಯೇ ಹತ್ತಿದರು, ಅವರ ಹಿಂದೆ ನಾನು. ಕಾಲು ಉಳುಕಿತೆನ್ನುವಂತಿಲ್ಲ, ತಲೆ ಸುತ್ತಿತೆನ್ನುವಂತಿಲ್ಲ. ಕೋತಿ ಬಂದರೆ ಕೋಲು ಬೀಸುತ್ತಿದ್ದರು. ನಂದಿ ದಾಟಿತು. ಗೋಪುರ ಕಂಡಿತು. ಇನ್ನು ಬೆರಳೆಣಿಕೆಯ ಮೆಟ್ಟಿಲುಗಳು ಉಳಿದಿದ್ದಾಗ ಭಾವನವರು ಏದುಸಿರು ಬಿಡುತ್ತಾ ಕೂತು, ತಟ್ಟೆಯನ್ನು ಅಕ್ಕನ ಕೈಗೆ ಕೊಟ್ಟರು. "ಮುಗಿಸಿಬಿಡಮ್ಮಾ."

ಅಕ್ಕ ಕದಲಲಿಲ್ಲ. ಅಷ್ಟರಲ್ಲಿ ಮಂಡಕಳ್ಳಿ ಕಡೆಯಿಂದ ಬಂದ ಒಬ್ಬ ಹೆಂಗಸು ಹೊಸ ಮದುಮಗಳನ್ನು ಮುಂದೆ ತಳ್ಳಿದಳು. "ಅವ್ವಾ, ಮೆಟ್ಲಿಗೆ ಇಕ್ಕೋ ಕುಂಕ್ಮ ಬಲು ಒಳ್ಳೇದಂತೆ. ನಮ್ ಎಣ್ಗೂ ಒಂದ್ ಬೊಟ್ಟು ಇಟ್ಬುಡ್ರವ್ವ."

ಕೇಳಿದ ಮುತ್ತೈದೆಗೆ ಕುಂಕುಮ ಇಲ್ಲವೆನ್ನುವುದುಂಟೇ? ಅಕ್ಕ ಇಟ್ಟರು. ಇಟ್ಟು, ಒಂದು ಕ್ಷಣ ತಟ್ಟೆಯನ್ನು ನೋಡಿದರು. ಆಮೇಲೆ ಆ ಹುಡುಗಿಯ ಸೆರಗಿಗೆ ಒಂದು ಹಿಡಿ ಸುರಿದರು. "ಬನ್ನಿ ತಾಯಿ, ನೀವೂ ತೊಗೊಳ್ಳಿ. ಬನ್ನಿ, ಬನ್ನಿ!" ಹತ್ತುವವರು, ಇಳಿಯುವವರು, ಸಿಟಿ ನೋಡಲು ಬಂದ ಪರವೂರಿನವರು, ಎಲ್ಲರೂ ಮುತ್ತಿಕೊಂಡರು. ಅಕ್ಕನ ಕಾಲಿಗೂ ಬಿದ್ದರು. ಅವರು ಅಳುತ್ತಲೇ ಹಂಚುತ್ತಿದ್ದರು. ತಟ್ಟೆ ಖಾಲಿಯಾಯಿತು. ಮೇಲಿನ ಮೆಟ್ಟಿಲುಗಳು ಹಾಗೇ ಉಳಿದವು.

ಭಾವನವರು ಬೇಡವೆನ್ನಲು ಬಾಯಿ ತೆರೆದದ್ದನ್ನು ನಾನು ನೋಡಿದೆ. ಆದರೆ ಕುಂಕುಮ ಕೊಡಬೇಡ ಎಂದು ಯಾವ ಬಾಯಲ್ಲಿ ಹೇಳಿಯಾರು? ಗುಂಪು ಕರಗಿದ ಮೇಲೆ ಅವರು ಅಕ್ಕನ ಮುಖವನ್ನೇ ನೋಡುತ್ತಾ ಕೂತರು. ಅರ್ಥವಾಗದೆ ಇರಲು ಅವರೇನು ಎಳೆ ಮಗುವೇ?

"ಇಷ್ಟು ಭಯಾನಾ ಅಮ್ಮಾ?" ಎಂದರು.

"ಹೂಂ ಭಾವ."

ಅವರು ಅಂಗವಸ್ತ್ರದಿಂದ ಮುಖ ಒರೆಸಿಕೊಂಡು, ಖಾಲಿ ತಟ್ಟೆ ಎತ್ತಿಕೊಂಡು ಮುಂದಾಗಿ ಇಳಿದರು. ಮನೆಗೆ ಬಂದಮೇಲೆ ಕರ್ಮದ ಮಾತೂ ಇಲ್ಲ, ಹರಕೆಯ ಮಾತೂ ಇಲ್ಲ. ಇನ್ನಾದರೂ ಅಕ್ಕ ನೆಮ್ಮದಿಯಾಗಿರಬಹುದೆಂದುಕೊಂಡೆ. ಎಲ್ಲಿಯ ನೆಮ್ಮದಿ! ಬೆಟ್ಟದ ದೀಪ ಕಂಡರೆ ಮುಖ ತಿರುಗಿಸುವರು. ಕೆಲವೇ ವರ್ಷಗಳಲ್ಲಿ ವಿಷಮಶೀತ ಜ್ವರ ಹಿಡಿಯಿತು. "ಅಮ್ಮನಿಗೆ ಕೋಪ ಬಂದಿದೆ, ಅಲ್ವೇನೇ?" ಎಂದು ನನ್ನ ಕೈ ಹಿಡಿದು ಕೇಳಿದರು. "ಇಲ್ಲ ಅಕ್ಕ, ಖಂಡಿತಾ ಇಲ್ಲ" ಎಂದೆ. ನಂಬಿದರೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆ ಸಂಕಟ ನನ್ನನ್ನು ಬಿಟ್ಟಿಲ್ಲ.

ಅವರು ಹೋದ ಬೆಳಗ್ಗೆ ನಡುಮನೆಯಲ್ಲಿ ಹೆಂಗಸರ ಗುಸುಗುಸು ಎದ್ದಿತು. ಮುತ್ತೈದೆ ಎಂದು ಕಳಿಸುವುದೋ, ವಿಧವೆ ಎಂದೋ? ಬಾಗಿಲಲ್ಲಿ ನಿಂತಿದ್ದ ಭಾವನವರು, "ಮುತ್ತೈದೆ. ಹಾಗೇ ಸಿಂಗಾರ ಮಾಡಿ" ಎಂದು ಹೇಳಿ ಹೊರಗೆ ಹೋದರು. ತಲೆ ಬಾಚಲು ನಾನೇ ಕೂತೆ. ಜ್ವರದಲ್ಲಿ ಮಲಗಿ ಮಲಗಿ ಕೂದಲೆಲ್ಲ ಸಿಕ್ಕುಗಟ್ಟಿತ್ತು. ಹೊರಗೆ ಗಂಡಸರು ಅವಸರ ಮಾಡುತ್ತಿದ್ದರು. "ಸ್ವಲ್ಪ ಇರ್ರೀ!" ಎಂದು ಗದರಿಸಿದೆ. ಎಣ್ಣೆ ಹಚ್ಚಿ, ಒಂದೊಂದೇ ಸಿಕ್ಕು ಬಿಡಿಸಿ, ಒಂದು ಎಳೆಯೂ ಕಿತ್ತು ಬರದ ಹಾಗೆ ಜಡೆ ಹೆಣೆದೆ.